ಚುಕ್ಕಿಯಿದ್ದರೆ ಹೆಸರು, ಇಲ್ಲದಿದ್ದರೆ ವಿಳಾಸ

ಹಂಪಿಯ ಬಂಡೆಯ ಮೇಲೆ ಮೈಚಾಚಿದ ಚಿರತೆಯ ಫೋಟೊ ಆಗಾಗ ಹೊಸಪೇಟೆಯ ಮೊಬೈಲುಗಳಲ್ಲಿ ಸುತ್ತುತ್ತದೆ. ನೋಡಿದವರು ‘ಅಬ್ಬಾ’ ಎಂದು ಮುಂದಕ್ಕೆ ದಾಟಿಸುತ್ತಾರೆ. ಸಂಶೋಧಕರ ಪ್ರಶ್ನೆಯೇ ಬೇರೆ: ಇದು ಯಾವ ಚಿರತೆ?

ಉತ್ತರ ಅದರ ಮೈಮೇಲೇ ಇದೆ. ಒಂದರ ಚುಕ್ಕಿಗಳ ಚಿತ್ತಾರ ಇನ್ನೊಂದಕ್ಕಿಲ್ಲ. ಎಡಮೈಯದು ಬಲಮೈಗೂ ಹೊಂದುವುದಿಲ್ಲ. ಅದಕ್ಕೇ ಕಾಡಿನ ಜಾಡಿನಲ್ಲಿ ಕ್ಯಾಮೆರಾಗಳನ್ನು ಎದುರುಬದುರು ಜೋಡಿಯಾಗಿ ಕಟ್ಟುತ್ತಾರೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ಪಟ್ಟೆ ನೋಡಿ ಗುರುತಿಸಿ ಎಣಿಸಿದ್ದು ಹೀಗೆಯೇ. 2010ರಲ್ಲಿ ಬಂಡೀಪುರದ ಕ್ಯಾಮೆರಾಗೆ ಸಿಕ್ಕಿದ್ದ ಹುಲಿಯೊಂದು ಮರುವರ್ಷ ಶಿಕಾರಿಪುರದ ಬಳಿ ಸೆರೆಯಾದಾಗ, ಅದೇ ಇದು ಎಂದು ಸಾಕ್ಷಿ ಹೇಳಿದ್ದು ಪಟ್ಟೆಗಳು. ನಡುವಿನ ದೂರ ಸುಮಾರು 280 ಕಿ.ಮೀ.!

ಕಡಲಿನಲ್ಲಿ ಇದೇ ಕೆಲಸ ಪ್ರವಾಸಿಗರಿಂದ ನಡೆದಿದೆ. ವೇಲ್ ಶಾರ್ಕ್ ಜಗತ್ತಿನ ಅತಿದೊಡ್ಡ ಮೀನು, ಮೈತುಂಬ ಬಿಳಿ ಚುಕ್ಕಿ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳನ್ನು ತಾಳೆ ನೋಡಲು ಖಗೋಳ ವಿಜ್ಞಾನಿಗಳು ಬಳಸುವ ಲೆಕ್ಕಾಚಾರವನ್ನೇ ಈ ಚುಕ್ಕಿಗಳಿಗೂ ಹಚ್ಚಬಹುದೆಂದು ಝಾವೆನ್ ಅರ್ಝುಮೇನಿಯನ್, ಜೇಸನ್ ಹೋಂಬರ್ಗ್, ಬ್ರಾಡ್ ನಾರ್ಮನ್ 2005ರಲ್ಲಿ ತೋರಿಸಿದರು. ಮೂರು ಮೂರು ಚುಕ್ಕಿ ಸೇರಿಸಿದರೆ ತ್ರಿಕೋನಗಳು. ಎರಡು ಫೋಟೊಗಳ ತ್ರಿಕೋನಗಳು ಹೊಂದಿದರೆ ಮೀನು ಒಂದೇ. ರಜೆಗೆಂದು ಕಡಲಿಗಿಳಿದವರ ಫೋಟೊಗಳ ನೆರವಿನಿಂದ ಸಾವಿರಾರು ಶಾರ್ಕ್‌ಗಳ ಗುರುತು ಹೀಗೆ ದಾಖಲಾಗಿದೆ.

ತುಂಗಭದ್ರೆಯಲ್ಲಿ ಮಾತ್ರ ಈ ಚಮತ್ಕಾರ ನಡೆಯದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆಂದೇ ದೇಶದಲ್ಲಿ ಮೀಸಲಾದ ಮೊದಲ ತಾಣವಿದು. ದಕ್ಷಿಣ ಅಮೆರಿಕದ ದೈತ್ಯ ನೀರುನಾಯಿಗೆ ಕೊರಳಲ್ಲಿ ಗುರುತಿಸಲು ಮಚ್ಚೆಯಾದರೂ ಇದೆ. ನಮ್ಮದಕ್ಕೆ ಚುಕ್ಕಿಯೂ ಇಲ್ಲ, ಪಟ್ಟೆಯೂ ಇಲ್ಲ. ಸಂಡೂರಿನ ಕಡೆಯ ದರೋಜಿ ಕರಡಿಧಾಮದಲ್ಲೂ ಇದೇ ಪಾಡು: ಕರಡಿಯ ಎದೆಯ ಬಿಳಿ ಗುರುತು, ಅದು ತಲೆತಗ್ಗಿಸಿ ನಾಲ್ಕು ಕಾಲಲ್ಲಿ ನಡೆಯುವಾಗ ಕಣ್ಣಿಗೆ ಬೀಳುವುದೇ ಅಪರೂಪ.

ಹಾಗೆಂದು ಹೊಳೆದಂಡೆಯಲ್ಲಿ ತೆಗೆದ ಫೋಟೊ ದಂಡವಲ್ಲ. ಯಾವುದು ಎಂದು ತಿಳಿಯದಿದ್ದರೂ ಎಲ್ಲಿ, ಯಾವಾಗ, ಎಷ್ಟು ಎಂದು ತಿಳಿಯುತ್ತದೆ. ಪುಟ್ಟ ಮರಿಗಳ ಜತೆಗಿನ ಒಂದು ಚಿತ್ರ ಸಿಕ್ಕರೆ, ಆಸುಪಾಸಿನ ಬಂಡೆಸಂದಿಯಲ್ಲೆಲ್ಲೋ ಗೂಡಿದೆ ಎಂದು ಹುಡುಕಬಹುದು. ಸಿಡಿಮದ್ದೆಸೆದು ಮೀನು ಹಿಡಿಯುವುದು, ಮರಳು ತೆಗೆಯುವುದು ಮೊದಲು ನಿಲ್ಲಬೇಕಾದದ್ದು ಅಂಥ ಕಡೆ.

ತೊಡಕೊಂದಿದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಿಂದ ಜಾಗದ ವಿವರ ಕಳಚಿಹೋಗುತ್ತದೆ. ಮೂಲ ಫೈಲನ್ನೇ ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕಿದರೆ ಅದು ಉಳಿಯುತ್ತದೆ. ಆದರೆ ಮೊಬೈಲು ಬೇಟೆಗಾರನ ಕೈಯಲ್ಲೂ ಇದೆಯಲ್ಲ. ಹಾಗಾಗಿ ಅಳಿವಿನ ಅಂಚಿನ ಜೀವಿಗಳ ನಿಖರ ಜಾಗವನ್ನು ಆ ತಾಣ ಎಲ್ಲರಿಗೂ ಕಾಣಿಸದೆ ಮಸುಕಾಗಿಸುತ್ತದೆ.