ಹಲಸಿನ ಬೀಜದೊಳಗೊಂದು ಹೂವಿನ ದಂಡೆ

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು ಚೇಳೂರು ಸೀಮೆಯ ಹಲಸಿನ ರುಚಿ ಬಲ್ಲವರೇ ಬಲ್ಲರು. ಕೆಂಪು ತೊಳೆಯ 'ಸಿದ್ದು' ತಳಿ ಸಿಕ್ಕಿದ್ದೂ ಅಲ್ಲೇ. ತೊಳೆ ಬಾಯಿಗೆ, ಬೀಜ ಸಾರಿಗೆ. ಈ ಸಲ ಸಾರಿಗೆ ಹಾಕುವ ಮುನ್ನ ಒಂದೇ ಒಂದು ಬೀಜ ಅಂಗೈಲಿಟ್ಟು ನೋಡಿ! ಬಿಳಿ ಪೊರೆ ಸುಲಿಯಿರಿ, ಕಂದು ಸಿಪ್ಪೆ ಕೆರೆಯಿರಿ. ಉಗುರಿಗೆ ಸಿಕ್ಕುವ ಆ ಗಟ್ಟಿ ತಿರುಳಿನಲ್ಲಿ ಜಾಕಲಿನ್ ಎಂಬ ಪ್ರೋಟೀನ್ ಹೇರಳವಾಗಿದೆ. ಅದರ ಕಥೆ ಕೇಳಿದ ಮೇಲೆ ಹಲಸಿನ ಬೀಜವನ್ನು ಸುಮ್ಮನೆ ಎಸೆಯಲು ನನಗೆ ಕೈ ಬರುತ್ತಿಲ್ಲ.

ಪ್ರೋಟೀನೆಂದರೆ ಅಮೈನೊ ಆಮ್ಲಗಳನ್ನು ಒತ್ತಾಗಿ ಕಟ್ಟಿದ ಹೂವಿನ ದಂಡೆ. ಹೂವಿನ ಬಗೆ ಇಪ್ಪತ್ತು; ಗುಣವೆಲ್ಲ ಕಟ್ಟಿದ ಕ್ರಮದಲ್ಲಿದೆ. ಆ ಕ್ರಮ ತಿಳಿಯುವುದು ಹೇಗೆ? ಆಮ್ಲದಲ್ಲಿ ಕುದಿಸಿದರೆ ದಾರ ಹರಿದು ಹೂವೆಲ್ಲ ರಾಶಿ ಬೀಳುತ್ತದೆ. ಮಲ್ಲಿಗೆ ಎಷ್ಟು, ಕನಕಾಂಬರ ಎಷ್ಟು ಎಂದು ಎಣಿಸಬಹುದು. ಯಾವುದರ ಪಕ್ಕ ಯಾವುದಿತ್ತೋ ಯಾರಿಗೆ ಗೊತ್ತು?

ಕೇಂಬ್ರಿಜ್‌ನ ಫ್ರೆಡ್ರಿಕ್ ಸ್ಯಾಂಗರ್ ಹತ್ತು ವರ್ಷ ಬೆವರು ಸುರಿಸಿ, 1955ರ ಹೊತ್ತಿಗೆ ಹಸುವಿನ ಇನ್ಸುಲಿನ್ನಿನ 51 ಹೂಗಳನ್ನೂ ಸಾಲಾಗಿ ಓದಿದರು. 1958ರಲ್ಲಿ ನೊಬೆಲ್ ಬಂತು. ಕುದುರೆಯದನ್ನು ಓದಿದಾಗ ಕಂಡ ವ್ಯತ್ಯಾಸ ಮೂರೇ ಕಡೆ! ಕುಣಿಗಲ್ ಸ್ಟಡ್ ಫಾರಂನ ಕುದುರೆಗೂ ಪಕ್ಕದ ಹಳ್ಳಿಯ ಕೊಟ್ಟಿಗೆಯ ಹಸುವಿಗೂ 48 ಹೂ ಒಂದೇ.

1950ರಲ್ಲಿ ಸ್ವೀಡನ್ನಿನ ಪೆರ್ ಎಡ್ಮನ್ ಇನ್ನೊಂದು ಚಮತ್ಕಾರ ತೋರಿಸಿದ್ದರು. ಅವರು ಬಳಸಿದ ಫಿನೈಲ್ ಐಸೊಥಯೊಸಯನೇಟ್, ಸಾಸಿವೆ ಅರೆದಾಗ ಮೂಗಿಗೇರುವ ಘಾಟಿನ ದಾಯಾದಿ. ಅದು ದಂಡೆಯ ತುದಿಯಲ್ಲಿ ಬಿಡುವಾಗಿರುವ ಅಮೈನೊ ಗುಂಪನ್ನು ಹಿಡಿಯುತ್ತದೆ. ಆಮೇಲೆ ನೀರಿಲ್ಲದ ಆಮ್ಲ ಸೋಕಿಸಿದರೆ ಮೊದಲ ಹೂವೊಂದೇ ಕಳಚಿ ಬರುತ್ತದೆ; ಉಳಿದ ದಂಡೆ ಅಲುಗುವುದಿಲ್ಲ! ಗುರುತು ಹಿಡಿದು ಮತ್ತೆ ಹಾಗೆಯೇ ಎರಡನೆಯದು, ಮೂರನೆಯದು. ಐವತ್ತರ ಆಸುಪಾಸಿಗೆ ಗುರುತು ಮಸುಕಾಗುವುದರಿಂದ ಉದ್ದನೆಯ ದಂಡೆಯನ್ನು ಕಿಣ್ವಗಳಿಂದ ತುಂಡರಿಸಿ ಓದಿ, ಕೊನೆಗೆ ಜೋಡಿಸುತ್ತಾರೆ.

ಜಾಕಲಿನ್ನಿನ ಕ್ರಮ ಪ್ರಕಟವಾದದ್ದು 1991ರಲ್ಲಿ: 133 ಹೂಗಳ ದೊಡ್ಡ ದಂಡೆ, ಜೊತೆಗೆ ಸುಮಾರು 20ರ ಪುಟ್ಟದು. 1996ರಲ್ಲಿ, ತುಮಕೂರಿಗೆ 70 ಕಿ.ಮೀ. ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು ಎಕ್ಸ್‌ರೇ ಹಾಯಿಸಿ ಅದರ ಆಕಾರವನ್ನೇ ಕಂಡರು. ಮೈ ಜುಮ್ಮೆನ್ನುವ ಸಂಗತಿ ಅಲ್ಲಿತ್ತು! ಎರಡೂ ದಂಡೆ ಮೊದಲು ಒಂದೇ ಆಗಿದ್ದವು. ಹಲಸು ತಾನೇ ಅದನ್ನು ಕತ್ತರಿಸುತ್ತದೆ. ಹಾಗೆ ಕತ್ತರಿಸಿದಾಗ ಹೊಸ ತುದಿಯಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಹೂ ಬಿಡುವಾಗುತ್ತದೆ. ಅದರ ಅಮೈನೊ ಗುಂಪು ಗ್ಯಾಲಕ್ಟೋಸ್ ಸಕ್ಕರೆಯನ್ನು ತಬ್ಬಿ ಹಿಡಿಯಲು ಕೈಜೋಡಿಸುತ್ತದೆ.

ನೋಡಿ, ಎಡ್ಮನ್ನರ ಘಾಟು ಹಿಡಿಯುವುದೂ ಇಂಥದೇ ಬಿಡುವಾದ ತುದಿಯನ್ನು! ಸಕ್ಕರೆ ಹಿಡಿಯಲೆಂದು ಮರ ಚಾಚಿದ ಕೈಯನ್ನೇ ಹಿಡಿದು ರಸಾಯನ ವಿಜ್ಞಾನ ಒಳಹೊಕ್ಕಿತು. ಚೇಳೂರಿನ ಮರಗಳು ಯಾವ ಪ್ರಯೋಗಶಾಲೆಯನ್ನೂ ಕಾಣದೆ, ಪ್ರತಿ ಬೇಸಿಗೆ, ಪ್ರತಿ ಬೀಜದಲ್ಲೂ ಆ ದಂಡೆಯನ್ನು ಸರಿಯಾದ ಜಾಗದಲ್ಲೇ ಕತ್ತರಿಸುತ್ತಿವೆ.