ಊರ ಕೆರೆಯಲ್ಲಿ ಹರಿಗೋಲಿನಿಂದ ಕೊರವ ಮೀನನ್ನು ಹಿಡಿಯುವ ಕ್ರಮ

ಕನ್ನಡ ನಾಡಿನ ಬಯಲುಸೀಮೆಯಲ್ಲಿ ಕೆರೆಯಿಲ್ಲದ ಗ್ರಾಮವು ವಿರಳ. ಕೆರೆಯೆಂದರೆ ಗದ್ದೆಗೆ ನೀರೊದಗಿಸುವ ಸಾಧನವೆಂದೇ ಬಹುಮಂದಿ ಭಾವಿಸಿರುವರು. ಅದೇ ನೀರಿನಲ್ಲಿ ಆಹಾರವೂ ಆದಾಯವೂ ಬೆಳೆಯುವುದೆಂಬುದನ್ನು ಗಮನಿಸುವವರು ಕಡಮೆ. ಅಮೆರಿಕಾ ದೇಶದಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ಒಬ್ಬೊಬ್ಬರೇ ಕುಳಿತು, ಕೆರೆಯ ಜೊಂಡಿನ ನಡುವೆ ಅಡಗಿರುವ ಬಾಸ್ ಎಂಬ ಮೀನನ್ನು ಗಾಳದಿಂದ ಹಿಡಿಯುವ ವಾಡಿಕೆಯುಂಟು. ಅಂತಹುದೇ ಸ್ವಭಾವದ ಮೀನು ಇಲ್ಲಿಯ ಕೆರೆಗಳಲ್ಲಿ ಕೊರವ. ಅಂತಹುದೇ ಕೆಲಸಕ್ಕೆ ಒದಗುವ ದೋಣಿ ಹರಿಗೋಲು. ಇವೆರಡರ ವಿಷಯವನ್ನು ತಿಳಿದುಕೊಂಡರೆ ಊರಿನ ಯುವಕರು ಪ್ರಾಣಾಪಾಯವಿಲ್ಲದೆ ಮೀನು ಹಿಡಿಯಬಹುದು. ಕೆರೆಯ ಸಂಪತ್ತೂ ಕೆಡದೆ ಉಳಿಯುವುದು.

ಕೊರವದ ಸ್ವಭಾವ

ಕೊರವ ಮೀನನ್ನು ಕೆಲವು ಕಡೆ ಕುಚ್ಚುಮೀನೆಂದೂ ಕರೆಯುವರು. ಇಂಗ್ಲಿಷಿನಲ್ಲಿ ಇದಕ್ಕೆ ಮುರ್ರೆಲ್ ಎಂದು ಹೆಸರು. ಹಾವಿನ ತಲೆಯನ್ನು ಹೋಲುವ ಚಪ್ಪಟೆಯಾದ ತಲೆ, ಉರುಟಾದ ನೀಳವಾದ ಮೈ, ಚೂಪಾದ ಹಲ್ಲುಗಳು ಇದರ ಗುರುತು. ಇದು ಸಣ್ಣ ಮೀನು, ಕಪ್ಪೆ, ಸಿಗಡಿ ಮತ್ತು ಹುಳುಗಳನ್ನು ಹಿಡಿದು ತಿನ್ನುವುದು. ಜೊಂಡು, ತಾವರೆ ಮುಂತಾದ ಸಸ್ಯಗಳ ಮರೆಯಲ್ಲಿ ಅಲುಗದೆ ಹೊಂಚುಹಾಕಿದ್ದು, ಬೇಟೆಯು ಹತ್ತಿರ ಬಂದೊಡನೆ ಥಟ್ಟನೆ ಮೇಲೆ ಬೀಳುವುದು ಇದರ ಪದ್ಧತಿ.

ಇದಕ್ಕೆ ಕಿವಿರುಗಳಲ್ಲದೆ ತಲೆಯೊಳಗೆ ಗಾಳಿಯನ್ನು ಉಸಿರಾಡುವ ಮತ್ತೊಂದು ಅಂಗವೂ ಇರುವುದು. ಆದುದರಿಂದ ಇದು ಆಗಾಗ್ಗೆ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಲೇಬೇಕು. ಮೇಲೆ ಬರಲು ಅಡ್ಡಿಯಾದರೆ ನೀರಿನಲ್ಲಿದ್ದರೂ ಉಸಿರುಕಟ್ಟಿ ಸಾಯುವುದು. ಬೇಸಗೆಯಲ್ಲಿ ಕೆರೆಯು ಬತ್ತಿದಾಗ ಕೆಸರಿನಲ್ಲಿ ಹುದುಗಿಕೊಂಡು ಬದುಕಿರುವುದಕ್ಕೂ, ಪೇಟೆಯವರೆಗೆ ಜೀವಂತವಾಗಿ ಸಾಗಿ ಹೆಚ್ಚಿನ ಬೆಲೆ ತರುವುದಕ್ಕೂ ಈ ಅಂಗವೇ ಕಾರಣ. ಮೀನು ಹಿಡಿಯುವವನಿಗೂ ಇದರಿಂದ ಅನುಕೂಲವುಂಟು. ಮುಂಜಾನೆಯ ನಿಶ್ಚಲವಾದ ನೀರಿನಲ್ಲಿ ಮೀನು ಮೇಲೆದ್ದು ಮುಳುಗಿದ ಸ್ಥಳದಲ್ಲಿ ಸಣ್ಣ ಅಲೆಯ ಬಳೆಗಳು ಕಾಣುವುವು. ಅಂತಹ ಸ್ಥಳಗಳನ್ನು ಏರಿಯ ಮೇಲೆ ಕುಳಿತು ಒಂದೆರಡು ದಿನ ನೋಡಿಕೊಂಡವನಿಗೆ ಅರ್ಧ ಕೆಲಸ ಮುಗಿದಂತೆಯೇ ಸರಿ.

ಹರಿಗೋಲನ್ನು ನಡೆಸುವ ಬಗೆ

ಹರಿಗೋಲು ಪುರಾತನವಾದುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು, ಬುಟ್ಟಿಯಂತೆ ಗುಂಡಾಗಿ, ಹೊರಗೆ ತೊಗಲು ಹೊದಿಸಿದ ಈ ದೋಣಿಗಳನ್ನು ಕಂಡು, ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುವುವೆಂದು ಬರೆದಿಟ್ಟಿರುವನು. ಈಗ ತೊಗಲಿಗೆ ಬದಲಾಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯನ್ನಾಗಲಿ ಫೈಬರನ್ನಾಗಲಿ ಉಪಯೋಗಿಸುವರು. ಸುಮಾರು 6 ಅಡಿ ವ್ಯಾಸದ ಹರಿಗೋಲು ಇಬ್ಬರಿಗೆ ಸಾಕು. ತಳವು ಅಗಲವಾಗಿ, ನೀರಿನೊಳಗೆ ಹೆಚ್ಚು ಇಳಿಯದಿರುವುದರಿಂದ ಜೊಂಡಿನ ಮೇಲೂ ತೆಳುನೀರಿನಲ್ಲಿಯೂ ಇದು ಸುಲಭವಾಗಿ ಜಾರುವುದು.

ಹೊಸಬನು ಮೊದಲು ಈಜು ಕಲಿತಿರತಕ್ಕದ್ದು. ಈಜು ಬಲ್ಲವನೂ ತೇಲುವ ಜಾಕೀಟನ್ನು ಧರಿಸದೆ ಹರಿಗೋಲನ್ನು ಹತ್ತಕೂಡದು. ಎದೆಮಟ್ಟ ನೀರಿರುವ ಕಡೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಅನುಭವಸ್ಥನಾದ ಬೆಸ್ತನೊಬ್ಬನ ಸಂಗಡ ಅಭ್ಯಾಸ ಮಾಡುವುದು ಉತ್ತಮ. ಹತ್ತುವಾಗ ಅಂಚನ್ನು ಕೈಯಿಂದ ಹಿಡಿದು, ಕಾಲನ್ನು ನಡುಮಧ್ಯದಲ್ಲಿಯೇ ಇಡಬೇಕು. ಅಂಚಿನ ಮೇಲೆ ಕಾಲಿಟ್ಟರೆ ಹರಿಗೋಲು ಮಗುಚುವುದು. ಅನಂತರ ಮುಂಭಾಗದಲ್ಲಿ ಮೊಣಕಾಲೂರಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಪಕ್ಕದಲ್ಲಿ ಹುಟ್ಟುಹಾಕಿದರೆ ಹರಿಗೋಲು ತಿರುಗುವುದೇ ಹೊರತು ಮುಂದುವರಿಯದು. ಒಂದು ಸಲ ಸ್ವಲ್ಪ ಬಲಕ್ಕೆ, ಮತ್ತೊಂದು ಸಲ ಸ್ವಲ್ಪ ಎಡಕ್ಕೆ ಎಳೆಯುತ್ತ ಬಂದರೆ ಸುತ್ತುವುದು ತಾನಾಗಿಯೇ ತಗ್ಗುವುದು.

ಮೂರು ಅಪಾಯಗಳನ್ನು ಮರೆಯಬಾರದು. ಒಂದನೆಯದು, ಹೂಳನ್ನೂ ಮಣ್ಣನ್ನೂ ಅಗೆದು ಸಾಗಿಸಿದ ಗುಂಡಿಗಳು. ಮೊಣಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳುದ್ದದ ಗುಂಡಿಯಿರಬಹುದು. ನೀರು ತುಂಬಿದ ಮೇಲೆ ಅದು ಕಣ್ಣಿಗೆ ಬೀಳದು. ಎರಡನೆಯದು, ತೆರೆದಿರುವ ತೂಬು ಮತ್ತು ಹರಿಯುತ್ತಿರುವ ಕೋಡಿ. ಇವುಗಳ ಸೆಳೆತಕ್ಕೆ ಸಿಕ್ಕಿದ ಹರಿಗೋಲನ್ನು ಹಿಂದಕ್ಕೆ ತರುವುದು ದುಸ್ತರ. ಮೂರನೆಯದು, ಬೇಸಗೆಯ ಸಂಜೆಗಳಲ್ಲಿ ಹಠಾತ್ತಾಗಿ ಏಳುವ ಗುಡುಗುಮಳೆ. ಮೋಡ ಕವಿದೊಡನೆ ದಡ ಸೇರತಕ್ಕದ್ದು.

ಗಾಳ ಹಾಕುವ ಕ್ರಮ

ಗಾಳಿ ಬೀಸುವ ಕಡೆಯಿಂದ ಹೊರಟು, ಹರಿಗೋಲನ್ನು ಗಾಳಿಗೇ ಬಿಟ್ಟು ಜೊಂಡಿನ ಸಮೀಪಕ್ಕೆ ಸದ್ದಿಲ್ಲದೆ ತೇಲಿಬರಬೇಕು. ತಕ್ಕ ದೂರದಲ್ಲಿ ಹಗ್ಗಕ್ಕೆ ಕಟ್ಟಿದ ಕಲ್ಲನ್ನು ಮೆಲ್ಲನೆ ಇಳಿಬಿಟ್ಟು ನಿಲ್ಲಿಸತಕ್ಕದ್ದು. ಹುಟ್ಟು ಅಂಚಿಗೆ ತಗುಲಿದ ಸದ್ದಿಗೂ ಮೀನು ಎಚ್ಚರಗೊಳ್ಳುವುದು.

ಹಿಂದಿನಿಂದಲೂ ಜೀವಂತ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸುವ ರೂಢಿಯಿದ್ದಿತು. ಕಪ್ಪೆಯು ಗದ್ದೆಯ ಕೀಟಗಳನ್ನು ತಿಂದು ರೈತನಿಗೆ ಉಪಕಾರ ಮಾಡತಕ್ಕ ಪ್ರಾಣಿಯಾದುದರಿಂದ ಅದನ್ನು ಕೊಲ್ಲುವುದು ತರವಲ್ಲ. ಈಗ ರಬ್ಬರಿನ ಕಪ್ಪೆಗಳು ಅಂಗಡಿಗಳಲ್ಲಿ ದೊರೆಯುವುವು. ಗಾಳದ ಮೊನೆಯು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಇವು ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಕುಳಿತಲ್ಲಿಂದಲೇ ಅದನ್ನು ಎಲೆಗಳ ಮೇಲಕ್ಕೆಸೆದು, ಸ್ವಲ್ಪ ಎಳೆದು, ಸ್ವಲ್ಪ ನಿಲ್ಲಿಸಿ, ಕಪ್ಪೆ ಕುಪ್ಪಳಿಸುವಂತೆ ತರಬೇಕು. ಮೀನು ಮೇಲೆ ಬಿದ್ದೊಡನೆ ಆತುರದಿಂದ ಜಗ್ಗುವುದೇ ಹೊಸಬರ ತಪ್ಪು. ದಾರದಲ್ಲಿ ಭಾರ ತೋರಿದ ಮೇಲೆ ಬಲವಾಗಿ ಎತ್ತಿ, ಮೀನಿನ ತಲೆಯನ್ನು ಜೊಂಡಿನಿಂದ ಹೊರಕ್ಕೆ ತರಬೇಕು. ದೊಡ್ಡ ಮೀನಾದರೆ ಹಗುರವಾದ ಹರಿಗೋಲೇ ಅದರ ಕಡೆಗೆ ಸರಿಯುವುದು. ಆಗ ಎದ್ದು ನಿಲ್ಲದೆ, ಮೀನು ದಣಿಯುವವರೆಗೆ ತಾಳ್ಮೆಯಿಂದಿದ್ದು, ಕೈಬಲೆಯಿಂದ ಎತ್ತಿಕೊಳ್ಳತಕ್ಕದ್ದು. ಹಲ್ಲುಗಳು ಚೂಪಾಗಿರುವುದರಿಂದ ಬಾಯೊಳಗೆ ಬೆರಳಿಡಬಾರದು.

ಹಿಡಿದ ಮೀನನ್ನು ಸ್ವಲ್ಪ ನೀರಿರುವ ಪಾತ್ರೆಯಲ್ಲಿ ಬಿಟ್ಟು, ರಂಧ್ರಗಳಿರುವ ಮುಚ್ಚಳವನ್ನು ಮುಚ್ಚಬೇಕು. ಪಾತ್ರೆಯ ಕಂಠದವರೆಗೆ ನೀರು ತುಂಬಿದರೆ ಗಾಳಿಗೆ ಎಡೆಯಿಲ್ಲದೆ ಮೀನು ಸಾಯುವುದು.

ಮರಿಗಳ ರಕ್ಷಣೆ

ಕೊರವವು ವಿಶೇಷವಾಗಿ ಮಳೆಗಾಲದಲ್ಲಿ ಮರಿಮಾಡುವುದು. ದಡದ ಸಮೀಪದ ಸಸ್ಯಗಳ ನಡುವೆ ಗುಂಡಾದ ಸ್ಥಳವನ್ನು ಶುಚಿಮಾಡಿ ಮೊಟ್ಟೆಯಿಡುವುದು. ಮೊಟ್ಟೆಗಳು ನೀರಿನ ಮೇಲೆ ತೇಲುವುವು. ಸಾವಿರಾರು ಕೆಂಪುಮರಿಗಳು ಒಟ್ಟಾಗಿ, ಉಸಿರಿಗಾಗಿ ಮೇಲೇಳುತ್ತ ಮುಳುಗುತ್ತ ಸಂಚರಿಸುವಾಗ ನೀರಿನ ಮೇಲೆ ಕೆಂಪು ಬಟ್ಟೆಯೊಂದನ್ನು ಹಾಸಿದಂತೆ ತೋರುವುದು. ಅವುಗಳ ಕೆಳಗೆ ತಂದೆತಾಯಿ ಮೀನುಗಳು ಕಾವಲಿರುವುವು. ಹತ್ತಿರ ಬಂದುದೇನಿದ್ದರೂ ಅದರ ಮೇಲೆ ಬೀಳುವುವು. ಆ ಸಮಯದಲ್ಲಿ ಗಾಳ ಹಾಕಿದರೆ ಬಾಲಕನೂ ದೊಡ್ಡ ಮೀನನ್ನು ಹಿಡಿಯಬಲ್ಲನು. ಆದರೆ ಕಾವಲು ತಪ್ಪಿದ ಮರಿಗಳನ್ನು ಇತರ ಮೀನುಗಳೂ ಹಕ್ಕಿಗಳೂ ನುಂಗುವುವು. ಒಂದು ಹೊತ್ತಿನ ಊಟಕ್ಕಾಗಿ ಮುಂದಿನ ವರುಷಗಳ ಬೆಳೆಯನ್ನೇ ಕಿತ್ತಂತಾಗುವುದು. ಆದುದರಿಂದ ಕೆಂಪುಮರಿಗಳ ಗುಂಪು ಕಂಡಲ್ಲಿ ಹರಿಗೋಲನ್ನು ಹಿಂದಿರುಗಿಸುವುದೇ ಧರ್ಮ.

ಹಾಗೆಂದು ಕೊರವವನ್ನು ಮುಟ್ಟಲೇಬಾರದೆಂದು ಅರ್ಥವಲ್ಲ. ಕಾಟ್ಲ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಸಾಕುವ ಕೆರೆಯಲ್ಲಿ ಕೊರವಗಳು ಹೆಚ್ಚಿದರೆ ಆ ಮರಿಗಳು ಉಳಿಯವು. ಅಂತಹ ಕೆರೆಗಳಲ್ಲಿ ನೀರು ತಗ್ಗಿರುವ ಬೇಸಗೆಯಲ್ಲಿಯೇ, ಮರಿ ಬಿಡುವುದಕ್ಕೆ ಮುಂಚೆ, ಕೊರವಗಳನ್ನು ಹಿಡಿದು ಕಡಮೆ ಮಾಡುವುದು ಯುಕ್ತ. ಬೇಸಗೆಯಲ್ಲಿ ಹಿಡಿದುದು ಲಾಭ, ಮರಿಗಳ ಕಾವಲಿನಲ್ಲಿ ಹಿಡಿದುದು ನಷ್ಟವೆಂದು ತಿಳಿಯತಕ್ಕದ್ದು.

ಗ್ರಾಮದ ಮುಖಂಡರ ಕರ್ತವ್ಯ

ಕೆರೆಗೆ ಸಿಡಿಮದ್ದು ಹಾಕುವುದು, ವಿಷ ಬೆರೆಸುವುದು ಇವೆರಡೂ ಸಣ್ಣ ಮರಿಯಿಂದ ಮೊದಲ್ಗೊಂಡು ಸಮಸ್ತವನ್ನೂ ನಾಶಮಾಡುವುವು. 1897ರ ಭಾರತ ಮೀನುಗಾರಿಕೆ ಶಾಸನವೇ ಇವನ್ನು ನಿಷೇಧಿಸಿತು; ಒಳನಾಡಿನ ಮೀನುಗಾರಿಕೆಗಾಗಿ ಕರ್ನಾಟಕದಲ್ಲಿ 1996ರ ಪ್ರತ್ಯೇಕ ಅಧಿನಿಯಮವುಂಟು. ಆದರೆ ಶಾಸನವು ಏರಿಯ ಮೇಲೆ ನಿಂತು ಕಾಯಲಾರದು, ಊರಿನವರೇ ಕಾಯಬೇಕು. ಗ್ರಾಮದ ಮುಖಂಡರು ಕೆರೆಯ ಮೀನಿನ ಹಕ್ಕು ಯಾರದೆಂಬುದನ್ನು ಮೊದಲು ವಿಚಾರಿಸಿ, ಗುತ್ತಿಗೆಯಿದ್ದಲ್ಲಿ ಗುತ್ತಿಗೆದಾರರ ಅಥವಾ ಮೀನುಗಾರರ ಸಹಕಾರ ಸಂಘದ ಒಪ್ಪಿಗೆಯಿಲ್ಲದೆ ಯಾರೂ ಗಾಳ ಹಾಕದಂತೆ ನೋಡಿಕೊಳ್ಳಬೇಕು. ಭೂಮಾಲೀಕರು ಕೆರೆಯಂಗಳದಿಂದ ಮಣ್ಣು ತೆಗೆಯಿಸಿದ ಗುಂಡಿಗಳನ್ನು, ನೀರು ಬರುವುದಕ್ಕೆ ಮುಂಚೆಯೇ ಇಳಿಜಾರಾಗಿ ಸಮಮಾಡಿಸಬೇಕು. ಆಳವಿರುವೆಡೆಗಳಲ್ಲಿ ಎತ್ತರವಾದ ಗಳುಗಳನ್ನು ನೆಡಿಸಬೇಕು. ಇದಕ್ಕೆ ತಗಲುವುದು ಒಂದೆರಡು ದಿನದ ಕೂಲಿ. ಉಳಿಯುವುದು ಒಂದು ಮನೆಯ ಮಗನ ಪ್ರಾಣ. ಕೆರೆಯು ಕಟ್ಟಿಸಿದವರ ಕಾಲಕ್ಕೆ ಮುಗಿಯದೆ ಇಂದಿನವರಿಗೂ ದೊರೆತಿದೆ. ಇಂದಿನವರು ಅದರ ನೀರನ್ನೂ ಮೀನನ್ನೂ ಮುಂದಿನವರಿಗೆ ಒಪ್ಪಿಸತಕ್ಕದ್ದು ನ್ಯಾಯವಾದುದು.