ಹೊರದೇಶದಿಂದ ತರಿಸಿದ ಯಂತ್ರ ಕೆಟ್ಟರೆ ಕೇಳುವುದು ಯಾರನ್ನು?



ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟು, ಕೆಚ್ಚಲು ಬಾವು ಪತ್ತೆ ಮಾಡುವ ಸಾಧನ, ಎಲ್ಲವೂ ಈಗ ಮೊಬೈಲಿನಲ್ಲೇ ಸಿಗುತ್ತವೆ. ಬಟವಾಡೆಯಾದ ವಾರ ಸಂಘದ ಹತ್ತಿರ ಹೋದರೆ ಯಾರಾದರೊಬ್ಬರು ಫೋನು ಮುಂದೆ ಹಿಡಿದು, "ಡಾಕ್ಟ್ರೇ, ಈ ಮಿಷನ್ ತಗೋಬಹುದಾ? ಅಂಗಡಿಗಿಂತ ಅರ್ಧ ರೇಟು" ಎಂದು ಕೇಳುತ್ತಾರೆ. ಇವುಗಳಲ್ಲಿ ಕೆಲವು ಹೊರದೇಶದ ಮಾರಾಟಗಾರರಿಂದ ನೇರವಾಗಿ ಬರುವಂಥವು. ಯಂತ್ರ ಚೆನ್ನಾಗಿದೆಯೇ ಎಂಬುದು ಎರಡನೆಯ ಪ್ರಶ್ನೆ. ಅದು ಕೆಟ್ಟರೆ ಉತ್ತರ ಕೊಡಲು ನಮ್ಮ ದೇಶದಲ್ಲಿ ಯಾರಿದ್ದಾರೆ ಎಂಬುದು ಮೊದಲನೆಯ ಪ್ರಶ್ನೆ. ಹಣ ಕಟ್ಟುವ ಮುಂಚೆ ಇದೊಂದನ್ನು ವಿಚಾರಿಸಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ನೀವೂ ಗ್ರಾಹಕರೇ

"ಯಂತ್ರ ತಗೊಂಡಿದ್ದು ಹಾಲು ಮಾರೋಕೆ, ಅಂದರೆ ವ್ಯಾಪಾರಕ್ಕೆ. ಗ್ರಾಹಕರ ಕಾನೂನು ನಿಮಗೆ ಬರಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಹೇಳುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡು ಬಳಸುವ ವಸ್ತು ಆ 'ವ್ಯಾಪಾರ'ದಲ್ಲಿ ಸೇರುವುದಿಲ್ಲ ಎಂದೂ ಅದೇ ಕಾಯ್ದೆ ವಿವರಿಸಿದೆ. ಹಳೆಯ ಕಾಯ್ದೆ ಇದ್ದಾಗಲೇ, 1995ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತ್ತು. ಹೊಟ್ಟೆಪಾಡಿಗೆ ಲೇತ್ ಯಂತ್ರ ಕೊಂಡು ತಾನೇ ನಡೆಸುವವನು ಗ್ರಾಹಕನೇ, ಜೊತೆಗೆ ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಅವನ ಹಕ್ಕು ಹೋಗುವುದಿಲ್ಲ ಎಂದು. ನಾಲ್ಕು ಹಸು ಕಟ್ಟಿಕೊಂಡು, ಮನೆಯವರ ಸಹಾಯದಿಂದ ತಾವೇ ಹಾಲು ಕರೆದು ಡೇರಿಗೆ ಹಾಕುವ ನೀವೂ ಇದೇ ಸಾಲಿನವರು.

ಆರ್ಡರ್ ಮಾಡಿದ್ದು ಮಗನ ಫೋನಿನಲ್ಲಿ, ಬಿಲ್ಲು ಅವನ ಹೆಸರಿನಲ್ಲಿ ಎಂದಿದ್ದರೂ, ಕೊಂಡವರ ಒಪ್ಪಿಗೆಯಿಂದ ಬಳಸುವವರನ್ನೂ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಆದರೂ ದುಡ್ಡು ನಿಮ್ಮದಾದರೆ ಬಿಲ್ಲನ್ನು ನಿಮ್ಮ ಹೆಸರಿನಲ್ಲೇ ಮಾಡಿಸಿ. ಮುಂದೆ ದೂರು ಕೊಡುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಮಾರುವವರು ಎಲ್ಲಿದ್ದಾರೆ?

ಫೋನಿನಲ್ಲಿ ಎಲ್ಲ ಅಂಗಡಿಯೂ ಒಂದೇ ರೀತಿ ಕಾಣುತ್ತದೆ. ಮಾರುವವರಲ್ಲಿ ಮಾತ್ರ ಮೂರು ಬಗೆ.

ಮೊದಲನೆಯದು, ವಸ್ತು ಹೊರದೇಶದ್ದು, ಆದರೆ ಅದನ್ನು ಆಮದು ಮಾಡಿಕೊಂಡವರು ಅಥವಾ ಮಾರುವವರು ಇಲ್ಲಿಯವರು. ನಮಗೆ ಇದೇ ಸುರಕ್ಷಿತ. ಆಮದಾದ ವಸ್ತು ಮಾರುವ ಆನ್‌ಲೈನ್ ಮಳಿಗೆ ಆಮದುದಾರರ ಹೆಸರು, ವಿವರ ತೋರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಚಿಲ್ಲರೆ ಮಾರಾಟಕ್ಕೆ ಬರುವ ಆಮದು ಪೊಟ್ಟಣದ ಮೇಲೂ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ ಮತ್ತು ಗರಿಷ್ಠ ಮಾರಾಟ ಬೆಲೆ ಇರಬೇಕು.

ಎರಡನೆಯದು, ಹೊರದೇಶದ ವೆಬ್‌ಸೈಟ್, ಹೊರದೇಶದ ಮಾರಾಟಗಾರ. ಭಾರತದ ಗ್ರಾಹಕರಿಗೆ ನಿಯಮಿತವಾಗಿ ಮಾರುವ ಹೊರದೇಶದ ಕಂಪನಿಗಳಿಗೂ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ಹಕ್ಕು ಇದೆ, ಆದರೆ ಇಲ್ಲಿ ಕಚೇರಿಯಾಗಲಿ ಆಸ್ತಿಯಾಗಲಿ ಇಲ್ಲದವರಿಂದ ವಸೂಲು ಮಾಡುವುದು ಕಷ್ಟ. ಆದೇಶ ನಿಮ್ಮ ಪರವಾಗಿ ಬಂದರೂ ಅದನ್ನು ಜಾರಿ ಮಾಡಿಸಲು ಕೈಗೆ ಸಿಗುವ ವಿಳಾಸ ಬೇಕು.

ಮೂರನೆಯದು, ವಿಡಿಯೋ ನೋಡುವಾಗ ನಡುವೆ ಬರುವ ಜಾಹೀರಾತು. ವಿಳಾಸವಿಲ್ಲ, ಬಿಲ್ಲಿಲ್ಲ, ಇರುವುದು ಒಂದು ವಾಟ್ಸಾಪ್ ನಂಬರ್ ಮತ್ತು ಹಣ ಹಾಕಲು ಒಂದು ಕ್ಯೂಆರ್ ಕೋಡ್. ಇಂಥವರಿಂದ ಏನನ್ನೂ ಕೊಳ್ಳಬೇಡಿ.

ಕಾನೂನು ಕೊಟ್ಟಿರುವ ಹಕ್ಕುಗಳು

ಬಂದ ವಸ್ತು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದಿದ್ದರೆ, ಅದನ್ನು ವಾಪಸು ಪಡೆಯಲು ಅಥವಾ ಹಣ ಹಿಂದಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಪ್ರಕೃತಿ ವಿಕೋಪದಂಥ ಅವನ ಕೈ ಮೀರಿದ ಕಾರಣದಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ. "ಮಾರಿದ ಮಾಲು ವಾಪಸಿಲ್ಲ" ಎಂದು ಬರೆದುಕೊಂಡಿದ್ದರೂ ದೋಷದ ವಸ್ತುವಿಗೆ ಆ ಮಾತು ನಡೆಯುವುದಿಲ್ಲ.

ಪ್ರತಿ ಆನ್‌ಲೈನ್ ಮಳಿಗೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಹೆಸರು ಮತ್ತು ಸಂಪರ್ಕ ವಿವರ ತೋರಿಸಬೇಕು. ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಇನ್ನೊಂದು ಮುಖ್ಯ ಅಂಶ. ದೋಷದ ಯಂತ್ರದಿಂದ ನಿಮಗೆ ಪೆಟ್ಟಾದರೆ ಅಥವಾ ನಿಮ್ಮ ಆಸ್ತಿಗೆ ಹಾನಿಯಾದರೆ ಉತ್ಪನ್ನ ಹೊಣೆಗಾರಿಕೆಯ ಅಡಿಯಲ್ಲಿ ಪರಿಹಾರ ಕೇಳಬಹುದು. ತಯಾರಕ ಯಾರೆಂದೇ ಗೊತ್ತಿಲ್ಲದಿದ್ದರೆ, ಅಥವಾ ಅವನು ನಮ್ಮ ಕಾನೂನಿನ ಕೈಗೆ ಸಿಗದ ಹೊರದೇಶದವನಾಗಿದ್ದರೆ, ಆ ಹೊಣೆಯನ್ನು ಮಾರಿದವನ ಮೇಲೆ ಹೊರಿಸಲು ಅವಕಾಶವಿದೆ. ಇಲ್ಲಿಯ ಮಾರಾಟಗಾರನಿಂದಲೇ ಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ.

ಯಂತ್ರದ ತಪ್ಪಿಗೆ ಕೆಚ್ಚಲಿಗೆ ಶಿಕ್ಷೆ

ಪಶುವೈದ್ಯನಾಗಿ ಇದನ್ನು ಹೇಳಲೇಬೇಕು. ಬಟ್ಟೆ ಸರಿಯಿಲ್ಲದಿದ್ದರೆ ಮಡಿಸಿ ಒಳಗಿಡಬಹುದು. ಹಾಲು ಕರೆಯುವ ಯಂತ್ರ ಸರಿಯಿಲ್ಲದಿದ್ದರೆ ನೋವು ತಿನ್ನುವುದು ಹಸು.

ಹಸುಗಳಿಗೆ ಯಂತ್ರದ ನಿರ್ವಾತ ಒತ್ತಡ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ಒಳಗಿರಬೇಕು. ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಬಾರಿ ಎಳೆದು, ಬಿಟ್ಟು, ಮೊಲೆತೊಟ್ಟಿಗೆ ವಿಶ್ರಾಂತಿ ಕೊಡಬೇಕು. ಪಲ್ಸೇಟರ್ ಇಲ್ಲದೆ ಒಂದೇ ಸಮ ಎಳೆಯುವ ಯಂತ್ರದಿಂದ ತೊಟ್ಟಿನ ತುದಿಯಲ್ಲಿ ರಕ್ತ ಕಟ್ಟುತ್ತದೆ, ತುದಿ ಗಟ್ಟಿಯಾಗಿ ಒಡೆಯುತ್ತದೆ, ಅಲ್ಲಿಂದ ರೋಗಾಣು ಒಳಹೊಕ್ಕು ಕೆಚ್ಚಲು ಬಾವು ಶುರುವಾಗುತ್ತದೆ. ಆದ್ದರಿಂದ ಒತ್ತಡ ತೋರಿಸುವ ಗೇಜ್ ಮತ್ತು ಪಲ್ಸೇಟರ್ ಇವೆಯೇ ಎಂದು ಕೇಳಿ.

ಮೋಟಾರು ನಮ್ಮ 230 ವೋಲ್ಟ್, 50 ಹರ್ಟ್ಸ್ ಕರೆಂಟಿಗೆ ಹೊಂದುತ್ತದೆಯೇ ನೋಡಿ. ಅಮೆರಿಕದ ಮನೆಗಳ ಸಾಮಾನ್ಯ ಕರೆಂಟು 120 ವೋಲ್ಟ್, 60 ಹರ್ಟ್ಸ್. ಅದಕ್ಕೆಂದೇ ಮಾಡಿದ ಮೋಟಾರನ್ನು ಇಲ್ಲಿ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ತೊಟ್ಟಿಗೆ ತೊಡಿಸುವ ರಬ್ಬರ್ ಲೈನರ್ ಸವೆಯುವ ವಸ್ತು, ಆಗಾಗ ಬದಲಿಸಲೇಬೇಕು. ಅದೇ ಅಳತೆಯ ಲೈನರ್ ನಿಮ್ಮ ತಾಲ್ಲೂಕಿನಲ್ಲೋ ಜಿಲ್ಲೆಯಲ್ಲೋ ಸಿಗದಿದ್ದರೆ ಅರ್ಧ ಬೆಲೆಗೆ ಬಂದ ಯಂತ್ರ ಮೂಲೆ ಸೇರುತ್ತದೆ.

ಯಂತ್ರ ಬಳಸಿದ ಮೇಲೆ ತೊಟ್ಟು ಊದಿಕೊಂಡರೆ ಅಥವಾ ಹಾಲಿನಲ್ಲಿ ರಕ್ತ ಕಂಡರೆ ಬಳಕೆ ನಿಲ್ಲಿಸಿ, ಅದೇ ದಿನ ಪಶುವೈದ್ಯರನ್ನು ಕರೆಯಿರಿ. ಏನು ಕಂಡಿತು, ಏನು ಚಿಕಿತ್ಸೆ ಕೊಟ್ಟರು ಎಂಬುದನ್ನು ದಿನಾಂಕ ಸಹಿತ ಬರೆಸಿಕೊಳ್ಳಿ. ಹಸುವಿಗೆ ಔಷಧಿಯಂತೆ ನಿಮ್ಮ ದೂರಿಗೆ ಆ ಚೀಟಿ.

ತರಿಸಲೇಬಾರದ ವಸ್ತುಗಳು

ಪಶು ಔಷಧಿ, ಲಸಿಕೆಗಳನ್ನು ಹೊರದೇಶದಿಂದ ತರಲು ಪರವಾನಗಿ ಬೇಕು. ಆಕ್ಸಿಟೋಸಿನ್ ಆಮದನ್ನು 2018ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ವೀರ್ಯ ಕಡ್ಡಿಗಳನ್ನು ಸರ್ಕಾರದ ಅನುಮತಿ ಮತ್ತು ರೋಗಮುಕ್ತ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ. ಮೇವಿನ ಬೀಜಕ್ಕೂ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಅನುಮತಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2020ರಲ್ಲಿ ಹಲವು ದೇಶಗಳ ಜನರಿಗೆ ಕೇಳದೇ ಇದ್ದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ ನಮ್ಮ ಕೃಷಿ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತ್ತು. ಹೊಸ ಕಳೆ, ಹೊಸ ರೋಗ ಒಮ್ಮೆ ಊರು ಹೊಕ್ಕರೆ ನಮ್ಮೊಬ್ಬರ ಹೊಲದಲ್ಲಿ ನಿಲ್ಲುವುದಿಲ್ಲ.

ಸುಂಕ ಮತ್ತು ಸುಳ್ಳು ಕರೆ

ಹೊರದೇಶದ ಪಾರ್ಸೆಲ್‌ಗೆ ಕಸ್ಟಮ್ಸ್ ಸುಂಕ ಮತ್ತು ಜಿಎಸ್‌ಟಿ ಬೀಳಬಹುದು. ತೋರಿಸಿದ ಬೆಲೆಯಲ್ಲಿ ಅವು ಸೇರಿವೆಯೇ ಎಂದು ಮೊದಲೇ ಕೇಳಿ. "ಉಡುಗೊರೆ ಎಂದು ಬರೆದು ಕಳಿಸ್ತೀವಿ, ಸುಂಕ ಬೀಳಲ್ಲ" ಎಂದರೆ ಒಪ್ಪಬೇಡಿ. ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು ಉಡುಗೊರೆ ಎಂದು ಹೇಳಿ ತರಿಸುವುದು 2019ರ ಡಿಸೆಂಬರ್‌ನಿಂದ ನಿಷಿದ್ಧ.

"ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಈ ನಂಬರಿಗೆ ದುಡ್ಡು ಹಾಕಿ" ಎಂಬ ಕರೆ ಬಂದರೆ ಫೋನು ಇಟ್ಟುಬಿಡಿ. ಕಸ್ಟಮ್ಸ್ ಅಧಿಕಾರಿಗಳು ಖಾಸಗಿ ಖಾತೆಗೆ ಹಣ ಹಾಕಿ ಎನ್ನುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಹೊರದೇಶದ ಕೆಲವು ಸೈಟುಗಳಲ್ಲಿ ಒಟಿಪಿ ಇಲ್ಲದೆಯೇ ಕಾರ್ಡಿನಿಂದ ಹಣ ಹೋಗುತ್ತದೆ. ಮಕ್ಕಳು ನಿಮ್ಮ ಕಾರ್ಡಿನಲ್ಲಿ ವಿದೇಶಿ ವಹಿವಾಟು ತೆರೆದಿದ್ದರೆ, ಖರೀದಿ ಮುಗಿದ ಕೂಡಲೇ ಅದನ್ನು ಮುಚ್ಚಿಸಿ.

ದೂರು ಕೊಡುವ ಕ್ರಮ

1. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಜಾಹೀರಾತು, ಬಿಲ್ಲು, ಪೆಟ್ಟಿಗೆಯ ಮೇಲಿನ ಚೀಟಿ, ಹಣ ಕಟ್ಟಿದ ದಾಖಲೆ, ಎಲ್ಲದರ ಫೋಟೋ ಇಟ್ಟುಕೊಳ್ಳಿ.

2. ಮಾರಾಟಗಾರರಿಗೂ ಮಳಿಗೆಯ ಕುಂದುಕೊರತೆ ಅಧಿಕಾರಿಗೂ ಬರವಣಿಗೆಯಲ್ಲೇ ದೂರು ಕೊಡಿ. ಬರೀ ಫೋನಿನಲ್ಲಿ ಮಾತಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

3. ಕಾರ್ಡಿನಲ್ಲಿ ಹಣ ಕಟ್ಟಿದ್ದರೆ ಬ್ಯಾಂಕಿನಲ್ಲಿ 'ಚಾರ್ಜ್‌ಬ್ಯಾಕ್' ಕೇಳಿ. ವಸ್ತು ಬರಲೇ ಇಲ್ಲ, ಅಥವಾ ಬೇರೆಯದೇ ಬಂತು ಎಂದಾಗ ಹಣ ವಾಪಸು ಕೇಳುವ ದಾರಿ ಇದು. ಹೊರದೇಶದ ಮಾರಾಟಗಾರನ ವಿಷಯದಲ್ಲಿ ಹಲವು ಸಲ ಇದೇ ಹತ್ತಿರದ ದಾರಿ. ಇದಕ್ಕೆ ಗಡುವಿದೆ, ಬೇಗ ಹೋಗಿ.

4. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಹೇಳಬಹುದು. ಅವರು ದೂರನ್ನು ಕಂಪನಿಗೆ ತಲುಪಿಸಿ ರಾಜಿಗೆ ಪ್ರಯತ್ನಿಸುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ.

5. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮಾರಿದವರು ಎಲ್ಲಿಯವರೇ ಆಗಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಆನ್‌ಲೈನಿನಲ್ಲೂ ಸಲ್ಲಿಸಬಹುದು. ತೊಂದರೆಯಾದ 2 ವರ್ಷದೊಳಗೆ ದೂರು ದಾಖಲಾಗಬೇಕು.

ಹಸು ಕೊಳ್ಳುವಾಗ ನಾವು ಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ. ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ, ಎರಡು ಹೊತ್ತು ಹಾಲು ಕರೆದು ನೋಡುತ್ತೇವೆ, ಮಾರುವವರ ಮನೆ ಯಾವುದೆಂದು ವಿಚಾರಿಸುತ್ತೇವೆ. ಫೋನಿನಲ್ಲಿ ಮುಟ್ಟಿ ನೋಡಲು ಬರುವುದಿಲ್ಲ, ಮನೆ ವಿಚಾರಿಸಲಂತೂ ಬರುತ್ತದೆ. ಭಾರತದ ವಿಳಾಸ, ಆಮದುದಾರರ ಹೆಸರು, ಬಿಲ್ಲು, ಬಿಡಿಭಾಗ ಸಿಗುವ ಜಾಗ, ಈ ನಾಲ್ಕೂ ಸಿಕ್ಕ ಮೇಲೆ ಹಣ ಕಟ್ಟಿ. ಒಂದು ತಪ್ಪಿದರೂ ಆ ಆರ್ಡರ್ ಬೇಡ.